ಮೈಕಿನ ಮುಂದಿನ ಒಡಪು

ಸಾಬವ್ವನನ್ನು ಹೆಸರು ಹಿಡಿದು ಕರೆಯುವವರು ಡೊಂಬಿವಲಿಯಲ್ಲಿ ಯಾರೂ ಉಳಿದಿರಲಿಲ್ಲ. ಮಗ ಗುರುನಾಥನಿಗೆ ಅವಳು ಅವ್ವ, ಮೊಮ್ಮಗಳು ಶಿವಾನಿಗೆ ಆಜಿ, ರೇಷನ್ ಅಂಗಡಿಯವನಿಗೆ ಮಾವ್ಶಿ, ಚಾಳಿನ ನಮಗೆಲ್ಲ ಆಯಿ. ಎಂಐಡಿಸಿಯ ಕಂಪನಿಗಳ ಹಿಂಬದಿಯ ಆ ಚಾಳಿನಲ್ಲಿ ನನ್ನ ಖೋಲಿಗೂ ಅವರ ಖೋಲಿಗೂ ನಡುವೆ ಒಂದೇ ಗೋಡೆ. ನಾನು ಸುರಪುರದ ಕಡೆಯವನು, ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಅವಳು ಸಿಂದಗಿ ಹತ್ತಿರದ ಹಳ್ಳಿಯವಳು. ಊರಿನ ಮಾತು ಆಡಬೇಕೆನಿಸಿದಾಗ ಅವಳು ಗೋಡೆಗೆ ಲಟ್ಟಣಿಗೆಯಿಂದ ಬಡಿಯುತ್ತಿದ್ದಳು. ನಾನು ಹೋಗಿ ಹೊಸ್ತಿಲ ಮೇಲೆ ಕೂರುತ್ತಿದ್ದೆ. ಹಾಗೆ ಕೂತಾಗ ಕೇಳಿದ್ದು ಈ ಕಥೆಯ ಮೊದಲ ಭಾಗ. ಉಳಿದದ್ದನ್ನು ಕಣ್ಣಾರೆ ಕಂಡೆ.

ನಮ್ಮ ಕಡೆ ಮದುವೆಯಾದ ಹೊಸದರಲ್ಲಿ ಗಂಡ-ಹೆಂಡಿರಿಬ್ಬರನ್ನೂ ಹೊಸ್ತಿಲಲ್ಲಿ ತಡೆದು ಒಡಪು ಹೇಳಿಸುತ್ತಾರೆ. ಎರಡು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಒಬ್ಬರು ಇನ್ನೊಬ್ಬರ ಹೆಸರು ಸೇರಿಸಿ ಹೇಳಬೇಕು. ಹೇಳದೆ ಒಳಗೆ ಬಿಡುವುದಿಲ್ಲ. ಅಂದು ಹೇಳಿದ ಹೆಸರನ್ನು ಆಮೇಲೆ ಹೆಂಡತಿಯಾದವಳು ಬಾಯಿಬಿಟ್ಟು ಹೇಳುವುದಿಲ್ಲ. ಗಂಡಂದಿರೂ ನಾಚಿಕೆಗೆ 'ಏಯ್', 'ಇಲ್ಲಿ ಕೇಳು' ಎಂದೇ ಸಾಗಿಸುತ್ತಾರೆ. ಸಾಬವ್ವ ತನ್ನ ಒಡಪನ್ನು ತಪ್ಪಿಲ್ಲದೆ ಹೇಳಿದಳು. ಗಂಡ ಹುಲಗಪ್ಪನ ಸರದಿ ಬಂದಾಗ ಅವನ ಕಿವಿಯೆಲ್ಲ ಕೆಂಪಾಯಿತಂತೆ. ಬಾಗಿಲಿಗೆ ಅಡ್ಡ ನಿಂತ ಹೆಂಗಸರ ಕೈಗಳ ಕೆಳಗೆ ಬಗ್ಗಿ, ನುಸುಳಿ, ಸೀದಾ ಅಡುಗೆಮನೆಗೆ ಓಡಿಬಿಟ್ಟ. ಮನೆತುಂಬ ನಗೆ. ಅವಳೂ ನಕ್ಕಳು. ಆದರೆ ಗಂಡನ ಬಾಯಿಂದ ತನ್ನ ಹೆಸರು ಕೇಳುವುದು ಮಾತ್ರ ಹಾಗೇ ಉಳಿಯಿತು.

ಮರುವರ್ಷ ಅವನು ಅವಳನ್ನು ಡೊಂಬಿವಲಿಯ ಪಕ್ಕದ ಕಲ್ಯಾಣಕ್ಕೆ ಕರೆತಂದ. ಅಲ್ಲಿ ಅವನು ಒಂದು ಸೌಂಡ್ ಸರ್ವಿಸಿನಲ್ಲಿ ಹಮಾಲ. ಮದುವೆ, ಗಣಪತಿ ಮಂಟಪಗಳಿಗೆ ಸ್ಪೀಕರ್ ಬಾಡಿಗೆ ಕೊಡುವ ಆ ಕಂಪನಿಗೆ ಆಗ ಒಬ್ಬ ದೊಡ್ಡ ಗಿರಾಕಿ ಇದ್ದ: ಡೆರಿಕ್ ಎಂಬ ಹಾಡುಗಾರ. ಎಪ್ಪತ್ತರ ದಶಕದಲ್ಲಿ ಇಂಗ್ಲಿಷಿನಲ್ಲಿ ರಾಕ್ ಹಾಡುತ್ತ ಪುಣೆ, ನಾಸಿಕ, ಬರೋಡದ ಕಾಲೇಜು ಮೈದಾನಗಳನ್ನು ತುಂಬಿಸುತ್ತಿದ್ದವನು. ಭುಜದವರೆಗೆ ಕೂದಲು, ನಡುವಿಗೆ ಎರಡು ಬೆಲ್ಟು. ಯಾರೊಂದಿಗೂ ಬಹಳ ದಿನ ಹೊಂದಿಕೊಳ್ಳದ ಮನುಷ್ಯ. ಪ್ರತಿ ತಿರುಗಾಟಕ್ಕೂ ಬ್ಯಾಂಡ್ ಬೇರೆ, ಗಿಟಾರಿನವನು ಬೇರೆ, ಡ್ರಮ್ಮಿನವನು ಬೇರೆ. ಬದಲಾಗದೆ ಉಳಿದವರು ಟೇಪಿನ ಯಂತ್ರದ ಮುಂದೆ ಕೂರುವ ಪಾರ್ಸಿ ಸಾಹೇಬರು ಮತ್ತು ಪೆಟ್ಟಿಗೆ ಹೊರುವ ನಮ್ಮ ಕಡೆಯ ಹಮಾಲರು.

"ಹಾಡ ಹ್ಯಾಂಗಿರ್ತಿದ್ವು ಆಯಿ?" ಎಂದು ಒಮ್ಮೆ ಕೇಳಿದ್ದೆ.

"ನಾ ಎಲ್ಲಿ ಕೇಳೀನಿ? ಅವರನ್ನ ಕೇಳಿದ್ರ, ಡಬ್ಬಿಯೊಳಗ ಕಲ್ಲ ಹಾಕಿ ಅಳ್ಳಾಡಿಸಿದಂಗ ಅಂತಿದ್ರು. ಆದ್ರ ಮಂದಿ ಕುಣೀತಿತ್ತಂತ. ಕುಣಿದು ಕುಣಿದು ಕುರ್ಚಿ ಮುರೀತಿತ್ತಂತ. ಮುರಿದ ಕುರ್ಚಿ ಹೊರಾವ್ರೂ ಇವರಽ."

ಹಾಡು ಶುರುವಾಗುವ ಮುಂಚೆ ಮೈಕುಗಳನ್ನು ಪರೀಕ್ಷಿಸುವ ಕೆಲಸ ಹುಲಗಪ್ಪನದು. ಖಾಲಿ ಮೈದಾನದೆದುರು ವೇದಿಕೆಯ ಮೇಲೆ ನಿಂತು ಒಂದೊಂದೇ ಮೈಕಿನಲ್ಲಿ ಮಾತಾಡಬೇಕು. ಪಾರ್ಸಿ ಸಾಹೇಬರು ಕಿವಿಗೆ ಹೆಡ್‌ಫೋನ್ ಹಾಕಿ, ಟೇಪು ಓಡಿಸಿ, ದನಿ ಹೆಚ್ಚುಕಡಿಮೆ ಮಾಡಿಕೊಳ್ಳುತ್ತಿದ್ದರು. ಹಲೋ ಹಲೋ ಎನ್ನುವುದು ಎಷ್ಟು ಹೊತ್ತು? ಸಾಹೇಬರು "ಬೋಲ್ತೇ ರಹೋ", ಮಾತಾಡುತ್ತಲೇ ಇರು, ಎನ್ನುತ್ತಿದ್ದರು. ಹುಲಗಪ್ಪನಿಗೆ ಬೇರೆ ಏನು ಬರುತ್ತದೆ? ಕನ್ನಡದಲ್ಲಿ ಏನೇನೋ ಹೇಳುತ್ತಿದ್ದ. ಏನು ಹೇಳುತ್ತಿದ್ದ ಎಂಬುದನ್ನು ಸಾಬವ್ವನಿಗೆ ತಿಳಿಸಿದವನು ಅವನ ಜೊತೆಗಾರ ಚಂದ್ರಾಮ. ಅದೇ ಊರಿನವನು, ಜೊತೆಯಲ್ಲೇ ಪೆಟ್ಟಿಗೆ ಹೊರುವವನು. ಒಂದು ರವಿವಾರ ಚಹಾ ಕುಡಿಯುತ್ತ ಕೂತವನು ಇದ್ದಕ್ಕಿದ್ದಂತೆ ನಕ್ಕ.

"ವೈನಿ, ನಿನ್ನ ಹೆಸರ ಪುಣೆ ಮಂದಿಗೂ ಗೊತ್ತಾತು."

"ಏನಂತೀಯೋ?"

"ಇಂವಾ ದಿನಾ ಮೈಕಿನ್ಯಾಗ ನಿಂದು ಒಡಪು ಹೇಳ್ತಾನ. ಲಗ್ನದಾಗ ಓಡಿ ಹೋದಂವಾ ಈಗ ಮೈದಾನ ತುಂಬಾ ಒದರ್ತಾನ."

ಹುಲಗಪ್ಪ ಬಶಿಯಲ್ಲಿನ ಚಹಾ ಚೆಲ್ಲಿಕೊಂಡ. "ಸುಳ್ಳ ಹೇಳ್ತಾನ ಅಂವಾ."

"ಹಂಗಾರ ನಾ ಹೇಳ್ಲೇನು?" ಎಂದು ಚಂದ್ರಾಮ ಎದ್ದು ನಿಂತು, ಹಿಟ್ಟಿನ ಸೌಟನ್ನೇ ಮೈಕು ಮಾಡಿ ಹಿಡಿದು ಹೇಳಿಯೇಬಿಟ್ಟ:

"ಹಾಡಿನ ಪೆಟಗಿ ಹೊತ್ತು ಹೊತ್ತು ಹೆಗಲಿಗೆ ಬಿತ್ತು ಹುಣ್ಣ,
ದಣದ ಜೀವಕ್ಕ ನೆಳ್ಳಾಗ್ಯಾವ ನಮ್ಮ ಸಾಬವ್ವನ ಕಣ್ಣ."

ಹುಲಗಪ್ಪ ಅವನನ್ನು ಹೊರಗೆ ಅಟ್ಟಿಸಿಕೊಂಡು ಹೋದ. ಸಾಬವ್ವ ಒಬ್ಬಳೇ ಒಳಗೆ ಕೂತು ಆ ಸಾಲುಗಳನ್ನು ಮತ್ತೆ ಮತ್ತೆ ಅಂದುಕೊಂಡಳು. ಅಂದು ಸಂಜೆ ಗಂಡನಿಗೆ, "ನನ್ನ ಮುಂದ ಒಮ್ಮೆ ಹೇಳ್ರಿ" ಅಂದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಹೇಳಲಿಲ್ಲ. ಇವತ್ತಲ್ಲ ನಾಳೆ ಹೇಳಿಸಬಹುದು ಎಂದು ಅವಳೂ ಬಿಟ್ಟಳು. ಇಡೀ ಜೀವನ ಮುಂದಿತ್ತು.

ಅವರಿಗೆ ಗಂಡು ಕೂಸು ಹುಟ್ಟಿತು. ಇನ್ನೂ ಅಂಬೆಗಾಲಿಡುತ್ತಿದ್ದ ಕೂಸಿಗೆ ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ವಾಂತಿಭೇದಿ ಹಿಡಿಯಿತು. ಹುಲಗಪ್ಪ ಆಗ ಡೆರಿಕ್ ಸಾಹೇಬನ ಜೊತೆ ಪುಣೆಯಲ್ಲಿದ್ದ. ಬೆಳಗ್ಗೆ ನೆರೆಮನೆಯವನೊಬ್ಬ ರೈಲು ಹತ್ತಿ ಸುದ್ದಿ ಒಯ್ದ. ಹುಲಗಪ್ಪ ಕಲ್ಯಾಣಕ್ಕೆ ಬಂದಾಗ ಮರುದಿನದ ಬೆಳಕು ಹರಿದಿತ್ತು, ಕೂಸನ್ನು ಮಣ್ಣು ಮಾಡಿ ಬಂದಿದ್ದರು. ಅವನು ಬಾಗಿಲಲ್ಲಿ ನಿಂತ. ಸಾಬವ್ವ ಅವನನ್ನು ಒಳಗೆ ಬಾ ಎನ್ನಲಿಲ್ಲ.

"ಹಾಡ ಮುಗಿಸೇ ಬಂದ್ರಿ ಅಲ್ಲ?" ಅಂದಳು.

"ಸುದ್ದಿ ಬಂದ ಕೂಡ್ಲೇ ಹೊಂಟೆ. ಘಾಟದಾಗ ಗಾಡಿ ನಿಂತು ಬಿಡ್ತು" ಅಂದ ಅವನು.

"ತಪ್ಪ ಗಾಡಿ ಮ್ಯಾಲ ಹಾಕ್ರಿ."

ಆಮೇಲೆ ಅವನು ಆ ಮಾತು ಎತ್ತಲಿಲ್ಲ. ಸೌಂಡ್ ಸರ್ವಿಸ್ ಬಿಟ್ಟು ಡೊಂಬಿವಲಿಯ ಕಂಪನಿಯಲ್ಲಿ ಕೆಮಿಕಲ್ ಡ್ರಮ್ಮು ಇಳಿಸುವ ಕೆಲಸಕ್ಕೆ ಸೇರಿದ. ಮೈಕು ಮತ್ತೆ ಮುಟ್ಟಲಿಲ್ಲ. ಗುರುನಾಥ ಹುಟ್ಟಿದ, ಬೆಳೆದ, ಮದುವೆಯಾದ. ಒಡಪು ಹೇಳಿರೆಂದು ಸಾಬವ್ವ ಎಂದೂ ಕೇಳಲಿಲ್ಲ. ಕೂಸು ಸತ್ತ ಮನೆಯಲ್ಲಿ ಅಂಥದ್ದನ್ನು ಕೇಳಲು ಬಾಯಿ ಬರಲಿಲ್ಲ ಎನ್ನುತ್ತಿದ್ದಳು. ಹುಲಗಪ್ಪ ಎದೆಯ ಬೇನೆಯಿಂದ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಗೋಡೆಯ ಮೇಲೆ ಅವನ ಫೋಟೊ ಇದೆ. ದನಿ ಎಲ್ಲಿಯೂ ಇಲ್ಲ. ಮನೆಯಲ್ಲಿ ಮೊಬೈಲು ಇದ್ದರೂ ಅವನ ಮಾತು ಹಿಡಿದಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಕಳೆದ ವರ್ಷ ಶಿವಾನಿ ಒಂದು ಸಂಜೆ ಕಾಲೇಜಿನಿಂದ ಬಂದವಳೇ ಫೋನು ಹಿಡಿದು ಅಜ್ಜಿಯ ಪಕ್ಕ ಕೂತಳು. ಗೋಡೆಗೆ ಲಟ್ಟಣಿಗೆ ಬಡಿದದ್ದು ಕೇಳಿ ನಾನೂ ಹೋದೆ.

"ಆಜಿ, ತುಝಾ ಡೆರಿಕ್! ಹೇ ಬಘ," ಎಂದು ಫೋನು ತೋರಿಸಿದಳು ಶಿವಾನಿ. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೇ.

ಡೆರಿಕ್ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಪಾರ್ಸಿ ಸಾಹೇಬರ ಮನೆಯವರು ಕಲ್ಯಾಣದ ಒಂದು ಗೋದಾಮಿನಲ್ಲಿ ಬಿದ್ದಿದ್ದ ರೀಲುಗಳನ್ನು ಯಾವುದೋ ಸಂಗೀತ ಸಂಸ್ಥೆಗೆ ಕೊಟ್ಟಿದ್ದರು. ಬೇರೆ ಬೇರೆ ತಿರುಗಾಟಗಳ ಬೇರೆ ಬೇರೆ ಬ್ಯಾಂಡುಗಳ ಆ ಮೈದಾನದ ಹಾಡುಗಳೆಲ್ಲ ಈಗ ಫೋನಿನಲ್ಲಿ ಬಂದಿದ್ದವು. ಸಾಬವ್ವ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. ಸೆರಗಿನಿಂದ ಕಿವಿ ಒರೆಸಿಕೊಂಡಳು.

"ಹಚ್ಚು."

ಡ್ರಮ್ಮಿನ ಕೋಲು ಕೋಲಿಗೆ ತಾಗಿದ ಸದ್ದು, ಗಿಟಾರು, ಮೈದಾನದ ಕೂಗು, ಆಮೇಲೆ ಡೆರಿಕನ ಒರಟು ದನಿ. ಸಾಬವ್ವ ಕೈ ಎತ್ತಿದಳು. "ಇದಲ್ಲ. ಮೊದಲಿಂದ ಹಚ್ಚು."

"ಆಜಿ, ಹೇಚ್ ಪಹಿಲಂ ಆಹೇ."

"ಇದಕ್ಕಿಂತ ಮೊದ್ಲ ಒಂದ ಅದ. ನಿನ್ನ ಅಜ್ಜ ಮಾತಾಡ್ತಾರ. ಹಾಡಿನಕಿಂತ ಮೊದ್ಲ ಅವರಽ ಮಾತಾಡ್ತಿದ್ರು."

ಪ್ರತಿಯೊಂದು ಹಾಡಿನ ಆರಂಭವನ್ನೂ ಹಾಕಿ ನೋಡಿದೆವು. ಎಲ್ಲವೂ ಹಾಡಿನಿಂದಲೇ ಶುರು. ಶಿವಾನಿ ಕೆಳಗೆ ಬರೆದದ್ದನ್ನು ಓದಿ ಹೇಳಿದಳು: ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿದ್ದು ಠಾಣೆ ನೌಪಾಡಾದ ಸಂಕರ್ಷಣ ಎಂಬವರು. ಸಾಬವ್ವ ನನ್ನ ಮುಖ ನೋಡಿದಳು.

"ಸಂಕರ್ಷಣ ಅಂದ್ರ ನಮ್ಮ ಕಡಿ ಹೆಸರಲ್ಲೇನೋ ತಮ್ಮಾ? ಫೋನ್ ಹಚ್ಚು. ನನ್ನ ಕರ್ಕೊಂಡು ಹೋಗು."

ನಾನು ಫೋನು ಮಾಡಿದೆ. ಅವರ ಮನೆತನ ಧಾರವಾಡದ ಕಡೆಯದು, ಠಾಣೆಗೆ ಬಂದು ಎರಡು ತಲೆಮಾರು. ಬರ್ರಿ ಎಂದರು. ರಜೆಯ ದಿನ ಹೊರಟೆವು. ಸಾಬವ್ವ ಲೇಡೀಸ್ ಡಬ್ಬಿ ಹತ್ತಿದಳು, ನಾನು ಪಕ್ಕದ್ದು. ಠಾಣೆಯಲ್ಲಿ ಇಳಿದಾಗ ಅವಳು ಮದುವೆಗೆ ಹೊರಟವಳ ಹಾಗೆ ಇಳಕಲ್ ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತ ನಿಂತಿದ್ದಳು. ರಿಕ್ಷಾದಲ್ಲಿ ಒಂದೇ ಮಾತು ಕೇಳಿದಳು: "ಅಲ್ಲಿ ಮಂದಿ ಭಾಳ ಇರ್ತಾರೇನು? ಮಂದಿ ಮುಂದ ಕೇಳಾಕ ನಾಚಿಕಿ ಬರ್ತದ."

ಮಂದಿ ಇರಲಿಲ್ಲ. ವಡಾಪಾವ್ ಅಂಗಡಿಯ ಮೇಲಿನ ಚಿಕ್ಕ ಕೋಣೆ, ಗೋಡೆಗೆಲ್ಲ ದಪ್ಪ ಬಟ್ಟೆ. ಸಂಕರ್ಷಣರು ಐವತ್ತರ ಆಸುಪಾಸಿನವರು, ಕನ್ನಡಕ ಹಣೆಯ ಮೇಲೆ. ಸಾಬವ್ವ ಬಂದ ಕಾರಣ ಹೇಳಿದಳು. ಒಡಪು ಎಂದಾಗ ಅವರು ಸ್ವಲ್ಪ ನಕ್ಕರು, ಪೂರ್ತಿ ಕೇಳಿದ ಮೇಲೆ ನಗು ಹೋಯಿತು. ಒಂದು ರೀಲು ತಂದು ಅವಳ ಮುಂದಿಟ್ಟರು. ಅದರ ಹೊರಸುತ್ತುಗಳಿಗೆ ಬೂಷ್ಟು ಹತ್ತಿ, ಒಂದಕ್ಕೊಂದು ಅಂಟಿ, ಹಪ್ಪಳದಂತೆ ಸೆಟೆದಿತ್ತು.

"ಆಯಿ, ನೋಡ್ರಿ. ಗೋದಾಮಿನ ಥಂಡಿ ಮೊದಲ ಹೊರಗಿನ ಸುತ್ತಿಗೆ ತಗಲ್ತದ. ಒಳಗಿಂದು ಗಟ್ಟಿ ಇರ್ತದ. ಹಾಡು ಮುಗಿದಾಗ ಟೇಪ್ ಹೆಂಗದನೋ ಹಂಗ ಇಟ್ಟಿದ್ರ, ಮೊದಲಿನ ಭಾಗ ಒಳಗ ಸುರಕ್ಷಿತ ಉಳೀತಿತ್ತು. ಆ ಪಾರ್ಸಿ ಸಾಹೇಬ್ರು ಡಬ್ಬಿ ಮ್ಯಾಲ ಬರದೂ ಇಟ್ಟಾರ, ಹಿಂದಕ್ಕ ಸುತ್ತಬ್ಯಾಡ್ರಿ ಅಂತ. ಆದ್ರೂ ಯಾರೋ ಹೆಚ್ಚೂಕಡಿಮಿ ಎಲ್ಲಾನೂ ಹಿಂದಕ್ಕ ಸುತ್ಯಾರ. ಅದಕ್ಕ ಮೊದಲಿನ ಭಾಗ ಹೊರಗ ಬಂದು ಹಾಳಾಗೇದ. ಹಾಡು ಉಳದಾವ. ಮುಂಚಿಂದು ಹೋತು."

ಸಾಬವ್ವ ರೀಲಿನ ಮೇಲೆ ಬೆರಳಿಟ್ಟಳು. "ಯಾರೋ ಅಲ್ಲ. ಅವರಽ ಸುತ್ಯಾರ" ಅಂದಳು.

ಅವಳು ಹೇಳಿದ್ದು ಇಷ್ಟು. ವಾಯರ್ ಇರಲಿ, ಹಗ್ಗ ಇರಲಿ, ನಾಳೆ ಬಿಡಿಸುವವನ ಕೈಗೆ ಮೊದಲ ತುದಿ ಸಿಗುವ ಹಾಗೆ ಸುತ್ತಿಡುವುದು ಹಮಾಲರ ಪದ್ಧತಿ. ಸುತ್ತದೆ ಹೋದವನು ಮೈಗಳ್ಳ. ಆಟ ಮುಗಿದ ಮೇಲೆ ಪಾರ್ಸಿ ಸಾಹೇಬರು, "ರೆಹನೇ ದೋ ಹುಲಗಪ್ಪಾ, ಮತ್ ಘುಮಾವ್", ಇರಲಿ ಬಿಡು, ಸುತ್ತಬೇಡ, ಎನ್ನುತ್ತಿದ್ದರು. ಹುಲಗಪ್ಪನಿಗೆ ಕನ್ನಡವೂ ಓದಲು ಬರುತ್ತಿರಲಿಲ್ಲ, ಡಬ್ಬಿಯ ಮೇಲಿನ ಇಂಗ್ಲಿಷು ದೂರದ ಮಾತು. ದಿನವಿಡೀ ಹೊತ್ತು ದಣಿದಿದ್ದಾನೆ ಪಾಪ, ಎಂದು ಸಾಹೇಬರು ಕನಿಕರದಿಂದ ಬೇಡ ಎನ್ನುತ್ತಾರೆ ಎಂದುಕೊಂಡ. ಅಂಥ ಒಳ್ಳೆಯ ಮನುಷ್ಯನ ಕೆಲಸ ಅರ್ಧಕ್ಕೆ ಬಿಡುವುದುಂಟೇ? ಸಾಹೇಬರು ಊಟಕ್ಕೆ ಎದ್ದ ಮೇಲೆ ಒಂದೊಂದೇ ರೀಲನ್ನು ಮೊದಲ ತುದಿಗೆ ಸುತ್ತಿ ಡಬ್ಬಿಗೆ ಹಾಕುತ್ತಿದ್ದ. ಮನೆಗೆ ಬಂದು ಹೆಂಡತಿಯ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

"ನಾನೂ ಭೇಷ್ ಅಂತಿದ್ದೆ," ಅಂದಳು ಸಾಬವ್ವ. "ತಮ್ಮ ದನಿ ತಾವಽ ಹೊರಗ ಹಾಕಿ ಇಟ್ಟಾರ."

ಕೆಳಗಿನ ಅಂಗಡಿಯಲ್ಲಿ ಎಣ್ಣೆಗೆ ಏನೋ ಬಿಟ್ಟ ಸದ್ದು ಕೇಳುತ್ತಿತ್ತು. ಅವಳು ಏಳಲು ನೆಲಕ್ಕೆ ಕೈಯೂರಿದಳು. ಆಗ ಸಂಕರ್ಷಣರು ಹಣೆಯ ಮೇಲಿನ ಕನ್ನಡಕ ಇಳಿಸಿದರು.

"ಇರ್ರಿ ಆಯಿ. ಒಂದು ರೀಲ್ ಸುತ್ತಿದ್ದಿಲ್ಲ. ಹೆಂಗಿತ್ತೋ ಹಂಗಽ ಇತ್ತು. ಅದರ ಶುರುವಿನ್ಯಾಗ ಯಾರೋ ಮೈಕ್ ಟೆಸ್ಟ್ ಮಾಡ್ತಾರ, ಕನ್ನಡದಾಗ. ನಾ ಕೇಳಿ ನಕ್ಕಿದ್ದೆ. ಆಮ್ಯಾಲ ಏನೋ ಗಡಬಡ ಆಗ್ತದ. ಹಾಡಿಗೆ ಸಂಬಂಧ ಇಲ್ಲಂತ ಸಂಸ್ಥೆಯವ್ರು ತಗಸಿದ್ರು. ನನ್ನ ಕಂಪ್ಯೂಟರ್‌ನಾಗ ಅದ."

"ಎಲ್ಲೀದು ಅದು?"

"ಪುಣೆದು."

ಸಾಬವ್ವ ಊರಿದ್ದ ಕೈ ಹಾಗೇ ಉಳಿಯಿತು. ನನಗೆ ತಿಳಿಯಿತು: ಆ ರೀಲು ಸುತ್ತಲು ಹುಲಗಪ್ಪ ಅಲ್ಲಿ ಉಳಿದಿರಲಿಲ್ಲ. ಸಂಕರ್ಷಣರಿಗೆ ತಿಳಿಯಲಿಲ್ಲ, ಅವರು ನನ್ನನ್ನು ನೋಡಿದರು. ಕೂಸಿನ ವಿಷಯ ನಾನು ಮೆಲ್ಲಗೆ ಹೇಳಿದೆ. ಅವರು ಕಂಪ್ಯೂಟರಿನಿಂದ ಕೈ ಹಿಂದೆಗೆದುಕೊಂಡರು.

"ಬ್ಯಾಡ ಬಿಡ್ರಿ ಆಯಿ."

"ಹಚ್ಚು," ಅಂದಳು ಅವಳು. "ಇಷ್ಟ ದೂರ ಬಂದೀನಿ."

ಮೊದಲು ಗಾಳಿಯಂಥ ಸದ್ದು. ಹಲಗೆಯ ಮೇಲೆ ಯಾರೋ ನಡೆದು ಬಂದರು. ಮೈಕಿಗೆ ಬೆರಳು ತಟ್ಟಿದರು. ಆಮೇಲೆ ಒಂದು ಹರೆಯದ ದನಿ. ನಾನು ಗೋಡೆಯ ಫೋಟೊದಲ್ಲಿ ಕಂಡ ಮುದುಕನ ದನಿಯಲ್ಲ, ಮೀಸೆ ಮೂಡಿ ಕೆಲವು ವರ್ಷವಷ್ಟೇ ಆದ ಹುಡುಗನ ದನಿ.

"ಹಲೋ... ಹಲೋ... ಇದ ನಡಕಿನ ಮೈಕ್. ಕೇಳಸ್ತದ ಸಾಬ್?"

ದೂರದಿಂದ, "ಬೋಲ್ತೇ ರಹೋ."

"ಏನ ಹೇಳ್ಲಿ, ಎಲ್ಲಾ ಹೇಳಿ ಮುಗದದ," ಎಂದು ಆ ದನಿ ನಕ್ಕಿತು. ಗಂಟಲು ಸರಿಮಾಡಿಕೊಂಡಿತು. "ಹಾಡಿನ ಪೆಟಗಿ ಹೊತ್ತು ಹೊತ್ತು ಹೆಗಲಿಗೆ ಬಿತ್ತು ಹುಣ್ಣ. ದಣದ ಜೀವಕ್ಕ ನೆಳ್ಳಾಗ್ಯಾವ ನಮ್ಮ—"

"ಹುಲಗ್ಯಾ! ಏ ಹುಲಗ್ಯಾ!" ಇನ್ನೊಂದು ದನಿ, ಕೆಳಗಿನಿಂದ. ಚಂದ್ರಾಮನದು. "ಇಳಿಯೋ ಕೆಳಗ! ಕಲ್ಯಾಣದಿಂದ ಒಬ್ಬಂವಾ ಬಂದಾನ. ಕೂಸಿಗೆ ಜಾಸ್ತಿ ಆಗೇದಂತ. ಲಗೂ ಬಾ!"

ಧಡ್ ಎಂದು ಮೈಕು ಬಿದ್ದ ಸದ್ದು. ಹಲಗೆಯ ಮೇಲೆ ಓಡುವ ಹೆಜ್ಜೆಗಳು, ವೇದಿಕೆಯಿಂದ ಹಾರಿದ ಸದ್ದು. ಸಾಹೇಬರು ಎರಡು ಸಲ ಅವನ ಹೆಸರು ಕರೆದರು. ಯಾರೂ ಓಗೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೇರೆ ಯಾರೋ ಬಂದು ಇಂಗ್ಲಿಷಿನಲ್ಲಿ ಚೆಕ್ ಚೆಕ್ ಅಂದರು.

ಸಾಬವ್ವ ಅಳಲಿಲ್ಲ. ಮುಂದಕ್ಕೆ ಬಾಗಿ ಸ್ಪೀಕರನ್ನೇ ನೋಡುತ್ತಿದ್ದಳು.

"ಓಡ್ಯಾರ ನೋಡು," ಅಂದಳು. "ನಾ ಅವರಿಗಿ, ಹಾಡ ಮುಗಿಸೇ ಬಂದ್ರಿ ಅಂದಿದ್ದೆ. ಅವತ್ತ ಅವರ ಒಂದ ಹಾಡೂ ಕೇಳಿಲ್ಲ."

ಆಮೇಲೆ ಸಂಕರ್ಷಣರ ಕಡೆ ತಿರುಗಿದಳು.

"ಇನ್ನೊಮ್ಮೆ ಹಚ್ಚು."

ಹಚ್ಚಿದರು. ಮತ್ತೆ ನಗು, ಮತ್ತೆ ಗಂಟಲು ಸರಿಮಾಡಿಕೊಂಡದ್ದು, ಒಡಪು. ಮತ್ತೆ ಚಂದ್ರಾಮನ ಕೂಗು ಅದೇ ಜಾಗದಲ್ಲಿ ಬಂತು. ಮೂರನೆಯ ಸಲ ಆ ಜಾಗ ಹತ್ತಿರವಾಗುತ್ತಿದ್ದಂತೆ ಅವಳು ಕೈ ಎತ್ತಿ, "ನಿಲ್ಸು, ನಿಲ್ಸು" ಅಂದಳು. ಸಂಕರ್ಷಣರು ನಿಲ್ಲಿಸುವಷ್ಟರಲ್ಲಿ "ಹುಲಗ್ಯಾ" ಎಂಬುದು ಕೇಳಿಯೇಬಿಟ್ಟಿತು.

"ಆ ಕೂಗಿನ ಮೊದ್ಲಿಗೆ ಕತ್ತರಿಸಿ ಕೊಡ್ತಿಯೇನಪ್ಪಾ?"

"ಕೊಡ್ತೀನಿ. ಆದ್ರ ಆಯಿ, 'ನಮ್ಮ' ಅಂದ ಕೂಡ್ಲೇ ಕೂಗ್ಯಾರ. ನಿಮ್ಮ ಹೆಸರು ಬರಂಗಿಲ್ಲ ಅದರಾಗ. ನೀವು ಅದನ್ನಽ ಕೇಳಾಕ ಬಂದಿದ್ರಿ." ಅವರು ತಡೆದು ಹೇಳಿದರು. "ಇವರು ಮೊದಲ 'ಸಾಬ್' ಅಂದಾರ, ಅದಕ್ಕ ಬ್ಯಾರೆ ಯಾರದರ ದನಿಲೆ 'ಅವ್ವ' ಜೋಡಿಸಿ ಏನರ..."

"ಬ್ಯಾಡ," ಅಂದಳು ಅವಳು. ದನಿ ಗಟ್ಟಿಯಾಗಿತ್ತು. "ಅವರ ಹೇಳಲಾರದ್ದು ನೀ ಹೇಳಿಸಬ್ಯಾಡ. ಹೆಸರ ಹೋದ್ರ ಹೋಗಲಿ. ಓಡಿದ್ದು ನಾ ಕೇಳೀನಿ, ಅದು ನನ್ನ ಹಂತ್ಯಾಕ ಇರ್ತದ. ನನಗ ನಕ್ಕಿದ್ದು, ಒಡಪು, ಅಷ್ಟ ಕೊಡು. ಅಲ್ಲಿ ತನಕಾ ಅವರ ನಿಶ್ಚಿಂತಿ ನಿಂತಾರ. ಅಲ್ಲಿ ತನಕಾ ಅವರಿಗಿ ಕೂಸು ನೆಟ್ಟಗದ."

ಸಂಕರ್ಷಣರು ಪರದೆಯ ಕಡೆ ತಿರುಗಿ ಕೆಲಸ ಶುರುಮಾಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆ ಚೂರನ್ನು ನನ್ನ ಫೋನಿಗೆ ಕಳಿಸಿ, ಕೆಳಗಿನ ಅಂಗಡಿಯಿಂದ ಅವಳಿಗೆ ಚಹಾ ತರಿಸಿದರು. ಅವಳು ಬಶಿಯಲ್ಲಿ ಹೊಯ್ದುಕೊಂಡು ಕುಡಿದಳು.

ವಾಪಸು ರೈಲಿನಲ್ಲಿ ಗದ್ದಲವಿತ್ತು. ಡೊಂಬಿವಲಿಯಲ್ಲಿ ಇಳಿದು ಸೇತುವೆ ಹತ್ತುವಾಗ ಅವಳು ನನ್ನ ತೋಳು ಹಿಡಿದುಕೊಂಡಿದ್ದಳು. ಮಧ್ಯದಲ್ಲಿ ನಿಂತು ಉಸಿರು ತೆಗೆದುಕೊಂಡು, "ಘಾಟದಾಗ ಗಾಡಿ ಖರೇನ ನಿಂತಿರಬೇಕಲ್ಲೋ ತಮ್ಮಾ?" ಎಂದು ಕೇಳಿದಳು.

"ಖರೇನ ಆಯಿ," ಅಂದೆ.

ಈಗ ಆ ಚೂರು ಶಿವಾನಿಯ ಫೋನಿನಲ್ಲಿದೆ. ಸಂಜೆ ಅವಳು ಕಾಲೇಜಿನಿಂದ ಬಂದ ಮೇಲೆ ಗೋಡೆಯಾಚೆ ಅದು ಕೇಳುತ್ತದೆ. ಬೆರಳಿನ ತಟ್ಟು, ಹಲೋ ಹಲೋ, ನಗು, ಹೆಗಲ ಹುಣ್ಣು, ನೆಳ್ಳು. 'ನಮ್ಮ' ಎಂಬಲ್ಲಿಗೆ ಮುಗಿಯುತ್ತದೆ. ಒಮ್ಮೆ ಶಿವಾನಿ ಕೇಳಿದ್ದು ನನಗೂ ಕೇಳಿಸಿತು.

"ಆಜಿ, ಪುಢೇ ಕಾಯ್ ಹೋತಂ?"

ಲಟ್ಟಣಿಗೆ ಉರುಳುತ್ತಿದ್ದ ಸದ್ದು ನಿಂತಿತು.

"ಮುಂದ ನನ್ನ ಹೆಸರ ಇತ್ತ," ಅಂದಳು ಸಾಬವ್ವ. ಆಮೇಲೆ ಲಟ್ಟಣಿಗೆ ಮತ್ತೆ ಉರುಳತೊಡಗಿತು.